ಕುತ್ತಿಗೆಯಲ್ಲಿ ಗಡ್ಡೆ, ರಕ್ತದಲ್ಲಿ ಏರುವ ಬಿಳಿ ಕಣ: ರಿಪೋರ್ಟ್ ಕೈಗೆ ಬಂದಾಗ ಮನೆಯವರು ಮಾಡಬೇಕಾದ್ದು

"ಮೇಡಂ, ಅಮ್ಮಂಗೆ ಬ್ಲಡ್ ಕ್ಯಾನ್ಸರ್ ಬೇರೆ ಬಂತಾ?"

ಮಲೆನಾಡಿನ ಕಡೆಯ ಹುಡುಗನೊಬ್ಬ ನಮ್ಮ ಲ್ಯಾಬಿನ ಬಾಗಿಲಲ್ಲಿ ನಿಂತು ಕೇಳಿದ ಮಾತಿದು. ಅವನ ತಾಯಿಗೆ ಇಪ್ಪತ್ತು ವರ್ಷದಿಂದ ಗಳಗಂಡ ಇತ್ತು. ನೋವಿಲ್ಲ, ನುಂಗಲು ತೊಂದರೆಯಿಲ್ಲ ಎಂದು ಸುಮ್ಮನಿದ್ದರು. ಅದು ಒಂದೂವರೆ ತಿಂಗಳಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಬೆಳೆಯಿತು, ದನಿ ಒಡೆಯಿತು, ಅನ್ನ ಗಂಟಲಲ್ಲಿ ಇಳಿಯದಾಯಿತು. ಬಯಾಪ್ಸಿಯಲ್ಲಿ ಅನಾಪ್ಲಾಸ್ಟಿಕ್ ಥೈರಾಯ್ಡ್ ಕ್ಯಾನ್ಸರ್ (ಥೈರಾಯ್ಡ್ ಕ್ಯಾನ್ಸರಿನ ಅತಿ ಕಠಿಣ ಬಗೆ) ಎಂದು ಬಂತು. ಅದರ ಬೆನ್ನಿಗೇ ರಕ್ತಪರೀಕ್ಷೆಯಲ್ಲಿ ಟೋಟಲ್ ಕೌಂಟ್, ಅಂದರೆ ಬಿಳಿ ರಕ್ತಕಣಗಳ ಲೆಕ್ಕ, 46,000. ಯಾರೋ ವಾರ್ಡಿನಲ್ಲಿ "ಇಷ್ಟು ಕೌಂಟ್ ಇದ್ದರೆ ಲ್ಯುಕೇಮಿಯಾನೇ" ಅಂದುಬಿಟ್ಟಿದ್ದರಂತೆ.

ಆ ರಕ್ತದ ಸ್ಲೈಡ್ ನೋಡಿದ್ದು ನಾನೇ. ಎಣ್ಣೆ ಹನಿಸಿ ನೋಡುವ ದೊಡ್ಡ ಮಸೂರದ ಕೆಳಗೆ, ಆರೋಗ್ಯವಂತರ ರಕ್ತದಲ್ಲಿ ಒಂದು ನೋಟಕ್ಕೆ ಎರಡೋ ಮೂರೋ ಬಿಳಿ ಕಣ ಸಿಗುತ್ತವೆ. ಇಲ್ಲಿ ಇಪ್ಪತ್ತರ ಹತ್ತಿರ ಇದ್ದವು. ಆದರೆ ಬಹುತೇಕ ಎಲ್ಲವೂ ಬೆಳೆದು ಬಲಿತ ನ್ಯೂಟ್ರೋಫಿಲ್‌ಗಳು (ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣಗಳು), ಮಣಿ ಪೋಣಿಸಿದ ಹಾಗೆ ಮೂರು ನಾಲ್ಕು ಹಾಲೆಗಳ ನ್ಯೂಕ್ಲಿಯಸ್ ಹೊತ್ತವು. ತೀವ್ರ ಲ್ಯುಕೇಮಿಯಾದಲ್ಲಿ ಕಾಣುವ ಎಳೆಯ ಬ್ಲಾಸ್ಟ್ ಕಣ ಹುಡುಕಿದರೂ ಒಂದೂ ಸಿಗಲಿಲ್ಲ. ಪ್ಲೇಟ್‌ಲೆಟ್ ಧಾರಾಳವಾಗಿದ್ದವು. ನೋಡಿದ್ದಷ್ಟನ್ನು ಹುಡುಗನಿಗೆ ಹೇಳಿದೆ: ಸ್ಲೈಡಿನಲ್ಲಿ ಬ್ಲಡ್ ಕ್ಯಾನ್ಸರಿನ ಲಕ್ಷಣ ಇಲ್ಲ. ಉಳಿದದ್ದನ್ನು ಹುಡುಕಬೇಕು.

ಆ 'ಉಳಿದದ್ದನ್ನು' ಹುಡುಕುವ ಕ್ರಮ ಮನೆಯವರಿಗೂ ಗೊತ್ತಿರಬೇಕು ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ. ಈ ಕಾಯಿಲೆಯಲ್ಲಿ ದಿನಗಳಿಗೆ ಬೆಲೆ ಜಾಸ್ತಿ. ಸೋಂಕೇ ಇಲ್ಲದೆ ವಾರಗಟ್ಟಲೆ ಆಂಟಿಬಯಾಟಿಕ್ ಏರಿಸುತ್ತ ಕೂರುವುದೂ ನಷ್ಟ, ಸೋಂಕಿದ್ದಾಗ "ಗಡ್ಡೆಯಿಂದಲೇ ಇರಬೇಕು" ಎಂದು ಬಿಟ್ಟುಬಿಡುವುದೂ ನಷ್ಟ.

ಮೊದಲು ಮನುಷ್ಯರನ್ನು ನೋಡಿ, ಆಮೇಲೆ ಕಾಗದ

ರಿಪೋರ್ಟ್ ಹಿಡಿದು ಓಡುವ ಮುನ್ನ ರೋಗಿಯ ಪಕ್ಕ ಎರಡು ನಿಮಿಷ ಕೂತು ನೋಡಿ. ಉಸಿರು ಎಳೆಯುವಾಗ ಸೀಟಿಯಂಥ ಸದ್ದು ಬರುತ್ತಿದೆಯೇ? ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುತ್ತಾರೆಯೇ? ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದೆಯೇ? ಚಳಿ ನಡುಕ ಇದೆಯೇ? ಮಾತು ತಡವರಿಸುತ್ತಿದೆಯೇ, ವಿಪರೀತ ಮಂಪರು ಇದೆಯೇ? ಮೂತ್ರ ಕಡಿಮೆಯಾಗಿದೆಯೇ? ಇವುಗಳಲ್ಲಿ ಒಂದಿದ್ದರೂ ಕೌಂಟ್ ಎಷ್ಟಿದೆ ಎಂದು ಲೆಕ್ಕ ಹಾಕುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಹೊರಡಿ. ಈ ಕ್ಯಾನ್ಸರ್ ಶ್ವಾಸನಾಳವನ್ನು ಸುತ್ತಿ ಒತ್ತುತ್ತದೆ. ಬಿಳಿ ಕಣ ಏರಿದ್ದರಿಂದಲ್ಲ, ಉಸಿರ ದಾರಿ ಮುಚ್ಚಿದ್ದರಿಂದಲೇ ಅಪಾಯ ಮೊದಲು ಬರುವುದು.

ಇವೇನೂ ಇಲ್ಲದಿದ್ದರೆ ಮುಂದಿನದನ್ನು ಸಮಾಧಾನದಿಂದ ಮಾಡಬಹುದು.

ಸಂಖ್ಯೆ ಓದುವುದು ಹೇಗೆ

ದೊಡ್ಡವರಲ್ಲಿ ಬಿಳಿ ರಕ್ತಕಣ ಒಂದು ಮೈಕ್ರೋಲೀಟರ್ ರಕ್ತಕ್ಕೆ ಸುಮಾರು 4,000ದಿಂದ 11,000. ರಿಪೋರ್ಟಿನಲ್ಲಿ ಇದನ್ನು ಟೋಟಲ್ ಕೌಂಟ್, ಟಿಎಲ್‌ಸಿ, ಡಬ್ಲ್ಯೂಬಿಸಿ ಎಂದೆಲ್ಲ ಬರೆದಿರುತ್ತಾರೆ, ಮೂರೂ ಒಂದೇ. ಕೆಲವು ಲ್ಯಾಬ್‌ಗಳು ಸಾವಿರದ ಲೆಕ್ಕದಲ್ಲಿ '46.0' ಎಂದು ಬರೆಯುತ್ತವೆ. ಒಂದು ಲ್ಯಾಬಿನ 46,000 ಮತ್ತು ಇನ್ನೊಂದರ 46.0 ಎರಡನ್ನೂ ಪಕ್ಕಪಕ್ಕ ಇಟ್ಟು, "ಮೊನ್ನೆಗಿಂತ ತುಂಬ ಇಳಿದಿದೆ" ಎಂದು ಖುಷಿಪಟ್ಟವರನ್ನು ನೋಡಿದ್ದೇನೆ. ಆದ್ದರಿಂದ ಅಳತೆಯ ಘಟಕವನ್ನು ಮೊದಲು ನೋಡಿ. ಸಾಧ್ಯವಾದರೆ ಪ್ರತಿ ಸಲವೂ ಒಂದೇ ಲ್ಯಾಬಿಗೆ ಹೋಗಿ.

ಆಮೇಲೆ ಕೆಳಗಿನ ಸಾಲು, ಡಿಫರೆನ್ಷಿಯಲ್ ಕೌಂಟ್, ಅಂದರೆ ಯಾವ ಬಗೆಯ ಬಿಳಿ ಕಣ ಎಷ್ಟು ಪಾಲು ಎಂಬುದು. ಇಲ್ಲಿ ಶೇಕಡಾವಾರು ನೋಡಿ ಗಾಬರಿಯಾಗುವುದು ಸಹಜ. ಆ ತಾಯಿಯ ರಿಪೋರ್ಟಿನಲ್ಲಿ ನ್ಯೂಟ್ರೋಫಿಲ್ ಶೇ. 92, ಲಿಂಫೋಸೈಟ್ ಶೇ. 4 ಇತ್ತು. "ಲಿಂಫೋಸೈಟ್ ಇಷ್ಟು ಕಮ್ಮಿ ಆಗಿದೆಯಲ್ಲ" ಎಂದು ಹುಡುಗ ಹೆದರಿದ್ದ. ಗುಣಿಸಿ ನೋಡೋಣ ಎಂದೆ. 46,000ದ ಶೇ. 92 ಎಂದರೆ 42,320 ನ್ಯೂಟ್ರೋಫಿಲ್. ಶೇ. 4 ಎಂದರೆ 1,840 ಲಿಂಫೋಸೈಟ್, ಅದು ಸರಿಯಾಗಿಯೇ ಇದೆ! ಏರಿದ್ದು ನ್ಯೂಟ್ರೋಫಿಲ್ ಮಾತ್ರ, ಮಿಕ್ಕವು ಅದರ ನೆರಳಲ್ಲಿ ಸಣ್ಣದಾಗಿ ಕಂಡಿದ್ದವು. ಯಾವ ಕಣ ಏರಿದೆ ಎಂಬುದು ಎಷ್ಟು ಏರಿದೆ ಎಂಬುದಕ್ಕಿಂತ ಹೆಚ್ಚು ಹೇಳುತ್ತದೆ.

ಕೌಂಟ್ 50,000 ದಾಟಿ, ಅದಕ್ಕೆ ರಕ್ತದ ಕ್ಯಾನ್ಸರ್ ಕಾರಣವಲ್ಲ ಎಂದಾದರೆ ವೈದ್ಯರು ಅದನ್ನು ಲ್ಯುಕೆಮಾಯ್ಡ್ ರಿಯಾಕ್ಷನ್ ಎನ್ನುತ್ತಾರೆ. ಹೆಸರಿನಲ್ಲಿ ಲ್ಯುಕೇಮಿಯಾದ ವಾಸನೆ ಇದೆಯಷ್ಟೇ, ಅದು ಲ್ಯುಕೇಮಿಯಾ ಅಲ್ಲ.

ಗಡ್ಡೆ ಕುತ್ತಿಗೆಯಲ್ಲಿ, ಕಣ ಏರುವುದು ರಕ್ತದಲ್ಲಿ, ಏಕೆ?

ನಮ್ಮ ಮೂಳೆಯೊಳಗಿನ ಮಜ್ಜೆ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೋಫಿಲ್ ತಯಾರಿಸುತ್ತದೆ. ಎಷ್ಟು ಮಾಡಬೇಕು ಎಂದು ಮಜ್ಜೆಗೆ ತಿಳಿಸುವ ಪ್ರೋಟೀನುಗಳಿವೆ. ಅವುಗಳಲ್ಲಿ ಮುಖ್ಯವಾದದ್ದು ಜಿ-ಸಿಎಸ್‌ಎಫ್. ಸೋಂಕು ಬಂದಾಗ ದೇಹ ಇದನ್ನು ಹೆಚ್ಚು ಸುರಿಸುತ್ತದೆ, ಸೋಂಕು ಇಳಿದಾಗ ನಿಲ್ಲಿಸುತ್ತದೆ.

ಕೆಲವು ಉಗ್ರ ಗಡ್ಡೆಗಳು ಈ ಪ್ರೋಟೀನನ್ನು ತಾವೇ ತಯಾರಿಸತೊಡಗುತ್ತವೆ. ಅನಾಪ್ಲಾಸ್ಟಿಕ್ ಥೈರಾಯ್ಡ್ ಕ್ಯಾನ್ಸರ್ ಅಂಥವುಗಳಲ್ಲೊಂದು. ಜಿ-ಸಿಎಸ್‌ಎಫ್ ಜೊತೆಗೆ ಜಿಎಂ-ಸಿಎಸ್‌ಎಫ್, ಇಂಟರ್‌ಲ್ಯೂಕಿನ್-6 ಮುಂತಾದವನ್ನೂ ಸ್ರವಿಸಬಹುದು. ಗಡ್ಡೆಗೆ 'ಸಾಕು' ಎಂಬ ಅಂಕೆಯೇ ಇಲ್ಲದ್ದರಿಂದ ಮಜ್ಜೆ ಎಡೆಬಿಡದೆ ದುಡಿಯುತ್ತದೆ. ಮಜ್ಜೆಗೆ ಕಾಯಿಲೆಯಿಲ್ಲ, ಸುಳ್ಳು ಆಜ್ಞೆ ಪಾಲಿಸುತ್ತಿದೆ. ಇದನ್ನು ಪ್ಯಾರಾನಿಯೋಪ್ಲಾಸ್ಟಿಕ್ ಲ್ಯೂಕೋಸೈಟೋಸಿಸ್ ಎನ್ನುತ್ತಾರೆ.

ಆದರೆ ಈ ತೀರ್ಮಾನಕ್ಕೆ ಬರುವುದು ಬೇರೆ ಕಾರಣಗಳನ್ನೆಲ್ಲ ತಳ್ಳಿಹಾಕಿದ ಮೇಲೆ ಮಾತ್ರ. ಅಲ್ಲಿಗೆ ತಲುಪಲು ಮನೆಯವರಷ್ಟು ಸಹಾಯ ಮಾಡಬಲ್ಲವರು ಬೇರೆ ಯಾರೂ ಇಲ್ಲ. ಏಕೆಂದರೆ ಯಾವ ದಿನ ಏನಾಯಿತು ಎಂಬುದು ಅವರಿಗೇ ಗೊತ್ತು.

ಕ್ಯಾಲೆಂಡರಿನಲ್ಲಿ ಬರೆದಿಡಿ

ಆ ಹುಡುಗ ಪ್ಲಾಸ್ಟಿಕ್ ಚೀಲದಿಂದ ಫೈಲಿನ ಜೊತೆ ಅಡಿಕೆ ಮಂಡಿಯವರು ಕೊಟ್ಟ ಗೋಡೆ ಕ್ಯಾಲೆಂಡರನ್ನು ತೆಗೆದ. ಪ್ರತಿ ತಾರೀಕಿನ ಚೌಕದಲ್ಲಿ ನೀಲಿ ಪೆನ್ನಿನಲ್ಲಿ ಸಣ್ಣದಾಗಿ ಬರೆದಿದ್ದ: '18,200. ಜ್ವರ ಇಲ್ಲ.' 'ಹೊಸ ಆಂಟಿಬಯಾಟಿಕ್ ಶುರು.' '27,500.' 'ಊತಕ್ಕೆ ಡೆಕ್ಸಾ ಇಂಜೆಕ್ಷನ್ ಶುರು.' '39,000.' ನಾನು ನೋಡಿದ ಅತಿ ಉಪಯುಕ್ತ ವೈದ್ಯಕೀಯ ದಾಖಲೆಗಳಲ್ಲಿ ಅದೂ ಒಂದು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಚದುರಿ ಹೋಗಿದ್ದದ್ದೆಲ್ಲ ಅಲ್ಲಿ ಒಂದೇ ಪುಟದಲ್ಲಿತ್ತು. ಆ ಡೆಕ್ಸಾ, ಅಂದರೆ ಸ್ಟಿರಾಯ್ಡ್, ಶುರುವಾಗುವ ಎಂಟು ದಿನ ಮೊದಲೇ ಕೌಂಟ್ ಏರತೊಡಗಿತ್ತು, ಮೂರು ಬಗೆಯ ಆಂಟಿಬಯಾಟಿಕ್‌ಗೂ ಜಗ್ಗಿರಲಿಲ್ಲ.

ನೀವೂ ಹಾಗೆ ಬರೆಯಿರಿ. ನೋಟ್‌ಬುಕ್ ಆದರೂ ಸರಿ. ಕೌಂಟ್ ಮತ್ತು ಜ್ವರ ಇದ್ದೇ ಇರಲಿ, ಜೊತೆಗೆ ಈ ಮೂರನ್ನು ತಪ್ಪದೆ ಗುರುತು ಹಾಕಿ.

ಒಂದು, ಸ್ಟಿರಾಯ್ಡ್. ಕುತ್ತಿಗೆಯ ಊತ ಇಳಿಸಲು ಡೆಕ್ಸಾಮೆಥಾಸೋನ್ ಕೊಡುವುದು ಸಾಮಾನ್ಯ. ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ನ್ಯೂಟ್ರೋಫಿಲ್‌ಗಳು ಇದರಿಂದ ಹರಿವಿಗೆ ಬಿಡುಗಡೆಯಾಗಿ, ಕೆಲವೇ ಗಂಟೆಗಳಲ್ಲಿ ಕೌಂಟ್ ಏರುತ್ತದೆ. ಸಾಮಾನ್ಯವಾಗಿ ಹದಿನೈದು, ಇಪ್ಪತ್ತು ಸಾವಿರದ ಆಸುಪಾಸಿಗೆ. ಇದು ನಿರೀಕ್ಷಿತ. ಇನ್ನೊಂದು ಮಾತು ಒತ್ತಿ ಹೇಳುತ್ತೇನೆ: ಕೌಂಟ್ ಇಳಿಯಲಿ ಎಂದು ಸ್ಟಿರಾಯ್ಡನ್ನು ನೀವಾಗಿ ನಿಲ್ಲಿಸಬೇಡಿ. ಉಸಿರ ದಾರಿ ತೆರೆದಿರುವುದು ಅದರಿಂದಲೇ ಇರಬಹುದು.

ಎರಡು, ಕೀಮೋ ನಂತರದ 'ಕೌಂಟ್ ಏರಿಸುವ ಇಂಜೆಕ್ಷನ್'. ಫಿಲ್ಗ್ರಾಸ್ಟಿಮ್ ದಿನಕ್ಕೊಮ್ಮೆ ಚುಚ್ಚುವಂಥದ್ದು, ಪೆಗ್‌ಫಿಲ್ಗ್ರಾಸ್ಟಿಮ್ ಒಂದು ಸುತ್ತಿಗೆ ಒಮ್ಮೆ. ಇವು ಅದೇ ಜಿ-ಸಿಎಸ್‌ಎಫ್‌ನ ಔಷಧ ರೂಪ. ಫಿಲ್ಗ್ರಾಸ್ಟಿಮ್ ನಿಲ್ಲಿಸಿದರೆ ಒಂದೆರಡು ದಿನದಲ್ಲಿ ಕೌಂಟ್ ಅರ್ಧಕ್ಕೆ ಬರುತ್ತದೆ, ಪೆಗ್‌ಫಿಲ್ಗ್ರಾಸ್ಟಿಮ್‌ನ ಪರಿಣಾಮ ಹೆಚ್ಚು ದಿನ ಉಳಿಯುತ್ತದೆ. ಕುಟುಂಬದವರು ಇದನ್ನು ಹೇಳಲು ಮರೆತು, ಬೇರೆ ಊರಿನ ವೈದ್ಯರು ಇಲ್ಲದ ಸೋಂಕನ್ನು ಹುಡುಕಿದ್ದುಂಟು. ಇಂಜೆಕ್ಷನ್ನಿನ ಖಾಲಿ ಡಬ್ಬಿಯ ಫೋಟೋ ಮೊಬೈಲಿನಲ್ಲಿರಲಿ.

ಮೂರು, ಶಸ್ತ್ರಚಿಕಿತ್ಸೆ, ಟ್ರೇಕಿಯಾಸ್ಟಮಿ (ಉಸಿರಾಡಲು ಕುತ್ತಿಗೆಯಲ್ಲಿ ತೂತು ಮಾಡಿ ನಳಿಕೆ ಇಡುವುದು), ಆಹಾರದ ಟ್ಯೂಬ್ ಹಾಕಿದ ದಿನ, ರೇಡಿಯೇಷನ್ ಶುರುವಾದ ದಿನ. ಆಪರೇಷನ್ ಆದ ಮೊದಲ ಕೆಲವು ದಿನ ಕೌಂಟ್ ಏರುವುದು ದೇಹದ ಸಹಜ ಪ್ರತಿಕ್ರಿಯೆ.

ಸೋಂಕನ್ನು ಮೊದಲು ಹುಡುಕಲೇಬೇಕು

ಇಲ್ಲಿ ಅವಸರ ಬೇಡ, ಉದಾಸೀನವೂ ಬೇಡ. ಈ ರೋಗಿಗಳಿಗೆ ಸೋಂಕು ತಗಲುವ ದಾರಿ ಬಹಳ. ದನಿಪೆಟ್ಟಿಗೆಯ ನರ ಗಡ್ಡೆಗೆ ಸಿಕ್ಕು ಸೋತರೆ, ಕುಡಿದ ನೀರು, ಗಂಜಿ ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಅದರಿಂದ ಬರುವ ನ್ಯುಮೋನಿಯಾ ತುಂಬ ಸಲ ಊಟದ ಹೊತ್ತಿನ ಕೆಮ್ಮಾಗಿಯಷ್ಟೇ ಶುರುವಾಗುತ್ತದೆ. ನೀರು ಕುಡಿದ ಮೇಲೆ ದನಿ ಒದ್ದೆಯಾದಂತೆ, ಗೊರಗೊರ ಎಂದು ಕೇಳಿಸಿದರೆ ವೈದ್ಯರಿಗೆ ಹೇಳಿ. ಟ್ರೇಕಿಯಾಸ್ಟಮಿ ಇದ್ದರೆ ಸಕ್ಷನ್ ಮಾಡುವಾಗ ಬರುವ ಕಫದ ಬಣ್ಣ, ವಾಸನೆ ಬದಲಾಯಿತೇ ನೋಡಿ. ಸೆಂಟ್ರಲ್ ಲೈನ್ ಅಥವಾ ಕೀಮೋ ಪೋರ್ಟ್ ಜಾಗ ಕೆಂಪಾಗಿದೆಯೇ, ಯೂರಿನ್ ಕ್ಯಾತಿಟರ್ ಎಷ್ಟು ದಿನದಿಂದ ಇದೆ, ಬೆನ್ನಿನಲ್ಲಿ ಹಾಸಿಗೆ ಹುಣ್ಣಾಗಿದೆಯೇ, ಬಾಯಲ್ಲಿ ಹುಣ್ಣು ಇದೆಯೇ. ಗಡ್ಡೆಯ ನಡುಭಾಗವೇ ಕೊಳೆತು ಕೀವಾಗುವುದೂ ಇದೆ.

ಸ್ಟಿರಾಯ್ಡ್ ತೆಗೆದುಕೊಳ್ಳುವವರಲ್ಲಿ ಜ್ವರ ಕಾಣಿಸದೆಯೂ ಇರಬಹುದು. "ಮೈ ಬಿಸಿಯಿಲ್ಲ, ಹಾಗಾಗಿ ಸೋಂಕಿಲ್ಲ" ಎಂದುಕೊಳ್ಳುವ ಹಾಗಿಲ್ಲ.

ವೈದ್ಯರು ಎದೆಯ ಎಕ್ಸ್‌ರೇ ಅಥವಾ ಸಿಟಿ, ಮೂತ್ರಪರೀಕ್ಷೆ, ಕಫದ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ), ಬ್ಲಡ್ ಕಲ್ಚರ್ ಬರೆಯುತ್ತಾರೆ. ಬ್ಲಡ್ ಕಲ್ಚರ್‌ಗೆ ರಕ್ತವನ್ನು ಆಂಟಿಬಯಾಟಿಕ್ ಮೊದಲ ಡೋಸ್ ಕೊಡುವ ಮುಂಚೆ ತೆಗೆದರೆ ಫಲಿತಾಂಶಕ್ಕೆ ಬೆಲೆ. "ಕಲ್ಚರ್‌ಗೆ ರಕ್ತ ತೆಗೆದಾಯಿತಾ ಸಿಸ್ಟರ್?" ಎಂದು ಮೆತ್ತಗೆ ಕೇಳುವುದರಲ್ಲಿ ತಪ್ಪೇನಿಲ್ಲ. ಮೆಡಿಕಲ್ ಶಾಪಿನಿಂದ ಎರಡು ಮಾತ್ರೆ ತಂದು ನುಂಗಿಸಿ ಆಸ್ಪತ್ರೆಗೆ ಬಂದರೆ ಆ ಕಲ್ಚರ್ ಬರಿದಾಗಿ ಬರುವ ಸಾಧ್ಯತೆ ಹೆಚ್ಚು.

ಉರಿಯೂತ ತೋರಿಸುವ ಸಿಆರ್‌ಪಿ ಎಂಬ ರಕ್ತಪರೀಕ್ಷೆ ಈ ಕ್ಯಾನ್ಸರಿನಲ್ಲಿ ಸೋಂಕಿಲ್ಲದೆಯೂ ಏರಿರುತ್ತದೆ, ಅದೊಂದನ್ನೇ ನಂಬಲಾಗದು. ಸೋಂಕಿನಲ್ಲಿ ಏರುವ ಪ್ರೊಕ್ಯಾಲ್ಸಿಟೋನಿನ್ ಎಂಬ ಪ್ರೋಟೀನಿನ ಪರೀಕ್ಷೆ ಇನ್ನಷ್ಟು ಸಹಾಯಕ, ಆದರೆ ಥೈರಾಯ್ಡ್ ರೋಗಿಗಳಲ್ಲಿ ಒಂದು ಸೂಕ್ಷ್ಮವಿದೆ. ಆ ಪ್ರೋಟೀನನ್ನು ಥೈರಾಯ್ಡಿನ ಸಿ-ಕಣಗಳೂ ತಯಾರಿಸುತ್ತವೆ. ಹಾಗಾಗಿ ಆ ಕಣಗಳಿಂದಲೇ ಹುಟ್ಟುವ ಮೆಡುಲ್ಲರಿ ಥೈರಾಯ್ಡ್ ಕ್ಯಾನ್ಸರ್ ಇದ್ದವರಲ್ಲಿ ಸೋಂಕೇ ಇಲ್ಲದೆ ಅದು ಏರಿರಬಹುದು. ಥೈರಾಯ್ಡ್ ಕ್ಯಾನ್ಸರಿನ ಯಾವ ಬಗೆ ಎಂದು ಬಯಾಪ್ಸಿ ರಿಪೋರ್ಟ್ ತೋರಿಸಿಯೇ ಹೇಳಿ.

ಜ್ವರದ ಬಗ್ಗೆ ಇನ್ನೂ ಒಂದು ಮಾತು. ಈ ಕ್ಯಾನ್ಸರಿಗೆ ಕೆಲವರಿಗೆ ಕೊಡುವ ಡಬ್ರಾಫೆನಿಬ್, ಟ್ರಾಮೆಟಿನಿಬ್ ಎಂಬ ಜೋಡಿ ಮಾತ್ರೆ ತೆಗೆದುಕೊಳ್ಳುವವರಲ್ಲಿ ಔಷಧದಿಂದಲೇ ಜ್ವರ ಬರುವುದು ತುಂಬ ಸಾಮಾನ್ಯ. ಅದು ಔಷಧದ ಜ್ವರವೋ ಸೋಂಕಿನದೋ ಎಂದು ಮನೆಯಲ್ಲಿ ತೀರ್ಮಾನಿಸಬೇಡಿ. ಅದೇ ದಿನ ವೈದ್ಯರಿಗೆ ಫೋನ್ ಮಾಡಿ, ಮಾತ್ರೆ ತಡೆಹಿಡಿಯಬೇಕೇ ಎಂದು ಕೇಳಿ. ಕೀಮೋ ಆಗಿ ವಾರ, ಎರಡು ವಾರದಲ್ಲಿ ಜ್ವರ ಬಂದರೆ ಕಥೆಯೇ ಬೇರೆ. ಆಗ ಕೌಂಟ್ ಕುಸಿದಿರಬಹುದು. ನ್ಯೂಟ್ರೋಫಿಲ್ 500ಕ್ಕಿಂತ ಕೆಳಗಿದ್ದು ಜ್ವರ ಬಂದರೆ ಅದು ತುರ್ತುಸ್ಥಿತಿ, ಮೊದಲು ಕೌಂಟ್ ಮೂವತ್ತು ಸಾವಿರ ಇತ್ತು ಎಂಬುದು ಯಾವ ರಕ್ಷಣೆಯೂ ಅಲ್ಲ.

ಸ್ಲೈಡ್ ನೋಡಿಸಿ

ಮೆಷಿನ್ ಕೊಟ್ಟ ಸಂಖ್ಯೆಯಲ್ಲೇ ನಿಲ್ಲದೆ ಪೆರಿಫೆರಲ್ ಸ್ಮಿಯರ್, ಅಂದರೆ ರಕ್ತದ ಹನಿಯನ್ನು ಸ್ಲೈಡಿಗೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ, ಮಾಡಿಸಲು ಕೇಳಿ. ಖರ್ಚು ಕಡಿಮೆ, ತಿಳಿಯುವುದು ಹೆಚ್ಚು. ಗುಂಪುಗೂಡಿದ ಪ್ಲೇಟ್‌ಲೆಟ್‌ಗಳನ್ನೋ ನ್ಯೂಕ್ಲಿಯಸ್ ಉಳ್ಳ ಎಳೆಯ ಕೆಂಪು ಕಣಗಳನ್ನೋ ಮೆಷಿನ್ ಬಿಳಿ ಕಣವೆಂದು ಎಣಿಸಿರಬಹುದು. ಕಣ್ಣಿಟ್ಟು ನೋಡಿದವರಿಗೆ ಅದು ಗೊತ್ತಾಗುತ್ತದೆ. ನ್ಯೂಟ್ರೋಫಿಲ್‌ಗಳ ಒಳಗೆ ದಪ್ಪ ನೇರಳೆ ಹರಳುಗಳು ಕಂಡರೆ ಸೋಂಕಿನ ಅನುಮಾನ ಬಲವಾಗುತ್ತದೆ, ಆದರೆ ಜಿ-ಸಿಎಸ್‌ಎಫ್ ಹೆಚ್ಚಿದ್ದರೂ ಹಾಗೆ ಕಾಣುವುದರಿಂದ ಅದೊಂದೇ ಸಾಕ್ಷಿ ಸಾಲದು. ಎಳೆಯ ಬಿಳಿ ಕಣ, ಎಳೆಯ ಕೆಂಪು ಕಣ ಎರಡೂ ಒಟ್ಟಿಗೆ ಕಂಡರೆ ಕ್ಯಾನ್ಸರ್ ಮಜ್ಜೆಗೇ ಇಳಿದಿದೆಯೇ ಎಂದು ನೋಡಬೇಕಾಗುತ್ತದೆ. ಬೇಸೋಫಿಲ್ ಎಂಬ ಬಿಳಿ ಕಣ ಏರಿ, ಗುಲ್ಮ (ಸ್ಪ್ಲೀನ್) ದೊಡ್ಡದಾಗಿದ್ದರೆ ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ ಅಲ್ಲವೆಂದು ಖಚಿತಪಡಿಸಲು ಬಿಸಿಆರ್-ಎಬಿಎಲ್ ಎಂಬ ರಕ್ತಪರೀಕ್ಷೆ ಇದೆ. ರಕ್ತದಲ್ಲಿ ಜಿ-ಸಿಎಸ್‌ಎಫ್ ಅಳೆಯುವ ಪರೀಕ್ಷೆಯೂ ಇದೆ, ಆದರೆ ಎಲ್ಲ ಕಡೆ ಸಿಗುವುದಿಲ್ಲ. ಅದಕ್ಕಾಗಿ ಕಾಯುತ್ತ ಚಿಕಿತ್ಸೆ ತಡ ಮಾಡುವುದು ನನ್ನ ಪ್ರಕಾರ ಸರಿಯಲ್ಲ.

ಪೆಟ್ ಸ್ಕ್ಯಾನ್ (ವಿಕಿರಣ ಬೆರೆತ ಸಕ್ಕರೆಯನ್ನು ಯಾವ ಭಾಗ ಹೆಚ್ಚು ಹೀರುತ್ತದೆ ಎಂದು ತೋರಿಸುವ ಸ್ಕ್ಯಾನ್) ಆಗಿದ್ದರೆ ಇದನ್ನು ನೆನಪಿಡಿ: ಜಿ-ಸಿಎಸ್‌ಎಫ್ ಪ್ರಭಾವದಲ್ಲಿ ದುಡಿಯುವ ಮಜ್ಜೆ ಸಕ್ಕರೆಯನ್ನು ಹೆಚ್ಚು ಹೀರುವುದರಿಂದ, ಬೆನ್ನುಮೂಳೆ, ಸೊಂಟದ ಮೂಳೆಗಳೆಲ್ಲ ಸ್ಕ್ಯಾನಿನಲ್ಲಿ ಒಂದೇ ಸಮನೆ ಹೊಳೆಯುತ್ತವೆ. "ಮೂಳೆಗೆಲ್ಲ ಹರಡಿದೆ" ಎಂದು ಮನೆಯವರು ಕುಸಿಯುವುದು ಇಲ್ಲೇ. ಒಂದೇ ಸಮನೆ ಹರಡಿದ ಹೊಳಪು ಬೇರೆ, ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ಕಾಣುವುದು ಬೇರೆ. ಕೌಂಟ್ ಎಷ್ಟಿದೆ, ಇಂಜೆಕ್ಷನ್ ಯಾವಾಗ ಕೊಟ್ಟರು ಎಂಬುದನ್ನು ಸ್ಕ್ಯಾನ್ ಓದುವವರಿಗೆ ಮುಂಚೆಯೇ ಹೇಳಿ.

ಕ್ಯಾಲ್ಸಿಯಂ ಮರೆಯಬೇಡಿ

ಬಿಳಿ ಕಣ ಏರಿಸುವ ಗಡ್ಡೆ ಕೆಲವರಲ್ಲಿ ರಕ್ತದ ಕ್ಯಾಲ್ಸಿಯಂ ಅನ್ನೂ ಏರಿಸುತ್ತದೆ. ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ವಾಕರಿಕೆ, ಆಮೇಲೆ ಮಂಪರು, ಗೊಂದಲದ ಮಾತು. ಇದನ್ನು "ಕಾಯಿಲೆ ಜಾಸ್ತಿಯಾಗಿದೆ, ಕೊನೆ ಬಂತು" ಎಂದು ಭಾವಿಸಿ ಕೈಚೆಲ್ಲಿದವರಿದ್ದಾರೆ. ಸಲೈನ್ ಮತ್ತು ಜೋಲೆಡ್ರೋನಿಕ್ ಆಸಿಡ್‌ನಂಥ ಔಷಧದಿಂದ ಇಳಿಸಬಹುದಾದದ್ದಿದು. ಕೌಂಟ್ ಏರಿದ ಪ್ರತಿಯೊಬ್ಬರಿಗೂ ಕ್ಯಾಲ್ಸಿಯಂ ಜೊತೆ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನನ್ನೂ ಸೇರಿಸಿ ನೋಡಲು ಕೇಳಿ. ಆಲ್ಬುಮಿನ್ ಕಡಿಮೆ ಇದ್ದಾಗ ಕ್ಯಾಲ್ಸಿಯಂ ಇರುವುದಕ್ಕಿಂತ ಕಡಿಮೆ ಕಾಣುತ್ತದೆ.

ಗಡ್ಡೆಯೇ ಕಾರಣ ಎಂದು ಖಚಿತವಾದರೆ

ಆಗ ಆಂಟಿಬಯಾಟಿಕ್‌ಗೆ ಕೆಲಸವಿಲ್ಲ. ಬಲಿತ ನ್ಯೂಟ್ರೋಫಿಲ್‌ಗಳು ತೀವ್ರ ಲ್ಯುಕೇಮಿಯಾದ ಬ್ಲಾಸ್ಟ್ ಕಣಗಳಂತೆ ಸಣ್ಣ ರಕ್ತನಾಳಗಳನ್ನು ಕಟ್ಟುವುದು ಅಪರೂಪ, ಆದ್ದರಿಂದ ಸಂಖ್ಯೆಯನ್ನಷ್ಟೇ ಇಳಿಸುವ ಔಷಧವೂ ಸಾಮಾನ್ಯವಾಗಿ ಬೇಡ. ಇಳಿಸಬೇಕಾದದ್ದು ಗಡ್ಡೆಯನ್ನು. ಶಸ್ತ್ರಚಿಕಿತ್ಸೆ, ರೇಡಿಯೇಷನ್ ಅಥವಾ ಔಷಧಕ್ಕೆ ಗಡ್ಡೆ ಕುಗ್ಗಿದರೆ ಕೌಂಟ್ ತಾನಾಗಿ ಇಳಿಯುತ್ತದೆ, ಮತ್ತೆ ಬೆಳೆದರೆ ಮತ್ತೆ ಏರುತ್ತದೆ.

ಮುಚ್ಚಿಡದೆ ಹೇಳುವುದಾದರೆ, ಅನಾಪ್ಲಾಸ್ಟಿಕ್ ಬಗೆ ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಶೇ. 1ರಿಂದ 2 ಮಾತ್ರ, ಆದರೆ ಅತಿ ಕಠಿಣ. ಪತ್ತೆಯಾದಾಗಲೇ ಅದನ್ನು ನಾಲ್ಕನೇ ಹಂತವೆಂದು ಎಣಿಸುತ್ತಾರೆ. ಬೇರೆ ಥೈರಾಯ್ಡ್ ಕ್ಯಾನ್ಸರಿಗೆ ಕೊಡುವ ರೇಡಿಯೋ ಅಯೋಡಿನ್ ಇದಕ್ಕೆ ನಾಟುವುದಿಲ್ಲ. ಗಡ್ಡೆಯಿಂದ ಬಿಳಿ ಕಣ ಏರುವುದು ರೋಗ ಜೋರಾಗಿದೆ ಎಂಬುದರ ಗುರುತು.

ಹಾಗಾಗಿಯೇ ಎರಡು ಪ್ರಶ್ನೆ ಮೊದಲ ಭೇಟಿಯಲ್ಲೇ ಕೇಳಿ. ಬಯಾಪ್ಸಿ ತುಣುಕಿನಲ್ಲಿ ಬ್ರಾಫ್ ವಿ600ಇ ಎಂಬ ಜೀನ್ ಬದಲಾವಣೆ ನೋಡಿದ್ದೀರಾ? ಅದು ಇದ್ದವರಿಗೆ ಮೇಲೆ ಹೇಳಿದ ಡಬ್ರಾಫೆನಿಬ್, ಟ್ರಾಮೆಟಿನಿಬ್ ಜೋಡಿಯನ್ನು ಅಮೆರಿಕದ ಔಷಧ ನಿಯಂತ್ರಕರು 2018ರ ಮೇ ತಿಂಗಳಲ್ಲಿ ಒಪ್ಪಿದರು. ಗಡ್ಡೆ ಬೇಗ ಕುಗ್ಗಿದ ರೋಗಿಗಳಿದ್ದಾರೆ. ಎರಡನೆಯದು, ಇದು ಥೈರಾಯ್ಡ್ ಲಿಂಫೋಮಾ (ಲಿಂಫೋಸೈಟ್ ಕಣಗಳಿಂದ ಹುಟ್ಟುವ ಕ್ಯಾನ್ಸರ್) ಅಲ್ಲವೆಂದು ಖಚಿತವೇ? ವಯಸ್ಸಾದವರಲ್ಲಿ ಅದೂ ಹೀಗೇ ಸರ್ರನೆ ಬೆಳೆಯುತ್ತದೆ, ಚಿಕಿತ್ಸೆಗೆ ಬಹಳ ಚೆನ್ನಾಗಿ ಬಗ್ಗುತ್ತದೆ. ಸೂಜಿಯಲ್ಲಿ ಹೀರಿದ ಕಣಗಳಷ್ಟೇ ಸಾಲದಿದ್ದರೆ ತುಂಡು ತೆಗೆಯುವ ಕೋರ್ ಬಯಾಪ್ಸಿ ಬೇಕಾಗುತ್ತದೆ.

ದೊಡ್ಡ ಕೇಂದ್ರಕ್ಕೆ, ಉದಾಹರಣೆಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವುದಾದರೆ ಬಯಾಪ್ಸಿಯ ಬ್ಲಾಕ್ (ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟದ್ದು) ಮತ್ತು ಸ್ಲೈಡ್‌ಗಳನ್ನು ನಿಮ್ಮ ಊರಿನ ಲ್ಯಾಬಿನಿಂದ ಕೇಳಿ ಪಡೆದು ಕೈಯಲ್ಲೇ ಒಯ್ಯಿರಿ. ಬರೀ ರಿಪೋರ್ಟ್ ಒಯ್ದರೆ ಮತ್ತೆ ಬಯಾಪ್ಸಿಗೆ ದಿನ ಹೋಗಬಹುದು. ರಕ್ತದ ಸ್ಮಿಯರ್ ಸ್ಲೈಡ್ ಇದ್ದರೆ ಅದೂ ಇರಲಿ. ಹೊರಡುವ ಮೊದಲು, ಉಸಿರು ಕಟ್ಟಿದರೆ ಟ್ರೇಕಿಯಾಸ್ಟಮಿ ಬೇಕೇ ಬೇಡವೇ ಎಂದು ರೋಗಿಯನ್ನೇ ಕೇಳಿಟ್ಟುಕೊಳ್ಳಿ. ಮಾತಾಡಲು ದನಿ ಇರುವಾಗಲೇ ಕೇಳಬೇಕಾದ ಪ್ರಶ್ನೆ ಅದು. ನೋವಿನ ಉಪಶಮನದ ವೈದ್ಯರನ್ನು ಮೊದಲ ದಿನದಿಂದಲೇ ಜೊತೆಗಿಟ್ಟುಕೊಳ್ಳಿ. ಚಿಕಿತ್ಸೆ ನಡೆಯುವಾಗಲೂ ಅವರು ಬೇಕು. ಚಿಕಿತ್ಸೆ ಇನ್ನು ಸಾಕು ಎಂಬ ಹಂತಕ್ಕೆ ಬೆಂಗಳೂರಿನ ಕರುಣಾಶ್ರಯದಂಥ ಕಡೆ ಹಣ ತೆಗೆದುಕೊಳ್ಳದೆ ಆರೈಕೆ ಮಾಡುತ್ತಾರೆ.

ಯಾವಾಗ ಕೌಂಟ್ ನೋಡುವುದನ್ನು ನಿಲ್ಲಿಸಬೇಕು

ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಪ್ರತಿ ಸಲ ರಕ್ತ ತೆಗೆಯುವ ಮೊದಲು ವೈದ್ಯರನ್ನು ಕೇಳಿ: "ಇವತ್ತಿನ ಕೌಂಟ್ ನೋಡಿ ಚಿಕಿತ್ಸೆ ಏನಾದರೂ ಬದಲಾಗುತ್ತದಾ ಸರ್?" ಹೌದೆಂದರೆ ತೆಗೆಸಿ. ಇಲ್ಲವೆಂದರೆ ಬೇಡ ಎನ್ನುವ ಹಕ್ಕು ನಿಮಗಿದೆ. ಸಣಕಲು ಕೈಯಲ್ಲಿ ನರ ಸಿಗದೆ ನಾಲ್ಕು ಕಡೆ ಚುಚ್ಚಿಸಿಕೊಂಡು, ಸಂಜೆ ಬಂದ ಸಂಖ್ಯೆ ನೋಡಿ ಇಡೀ ಮನೆ ರಾತ್ರಿಯೆಲ್ಲ ಎದ್ದಿರುವುದರಿಂದ ರೋಗಿಗೆ ಸಿಗುವುದೇನೂ ಇಲ್ಲ.

ಆ ಹುಡುಗ ಮೂರು ತಿಂಗಳ ಮೇಲೆ ಇನ್ನೊಮ್ಮೆ ಬಂದಿದ್ದ, ತಾಯಿಯ ಸ್ಲೈಡ್‌ಗಳನ್ನು ವಾಪಸ್ ಕೊಡಲು. ಕ್ಯಾಲೆಂಡರನ್ನೂ ತೋರಿಸಿದ. ಕೊನೆಯ ಹದಿನೇಳು ಚೌಕಗಳಲ್ಲಿ ಒಂದೂ ಕೌಂಟ್ ಇರಲಿಲ್ಲ. 'ಮಾರ್ಫಿನ್ 4 ಸಲ. ನೋವಿಲ್ಲ.' 'ಟ್ಯೂಬಿನಲ್ಲಿ ಗಂಜಿ 3 ಲೋಟ.' 'ಅಕ್ಕ ಬಂದಳು. ಜಗುಲೀಲಿ ಕೂತಿದ್ರು.'